ಛಾವಣಿ ಖಾತೆ

ಅಂಚೆಯವನು ಮೊಪೆಡ್ ನಿಲ್ಲಿಸಿ ಕೂಗಿದಾಗ ಟೋವೆ ಛಾವಣಿಯ ಮೇಲೆ ಮಂಡಿಯೂರಿ ಕೂತು ಟಾರು ಬಳಿಯುತ್ತಿದ್ದಳು. ಸಾವಿರದ ಒಂಬೈನೂರ ಅರವತ್ತೊಂದರ ಆಗಸ್ಟ್ ತಿಂಗಳು. ಎರಡು ದಿನ ಒಂದೇ ಸಮನೆ ಹಿಡಿದಿದ್ದ ಮಳೆ ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಆರು ವರ್ಷದ ಮಗಳು ಲಿಸ್ಬೆತ್‌ಳ ಮಂಚವನ್ನು ಗೋಡೆಯ ಇನ್ನೊಂದು ಬದಿಗೆ ಎಳೆದು, ಅದಿದ್ದ ಜಾಗದಲ್ಲಿ ಬಕೆಟ್ ಇಟ್ಟು, ಟೋವೆ ಏಣಿ ಹತ್ತಿದ್ದಳು. ಆ ವರ್ಷ ಹೀಗೆ ಹತ್ತಿದ್ದು ಇದು ಏಳನೆಯ ಸಲ.

"ಅಮ್ಮಾವ್ರೇ, ಪತ್ರಿಕೇಲಿ ನಿಮ್ಮನೆ ಬಂದಿದೆ! ಕವರು ಹರಿದಿತ್ತು, ಅದಕ್ಕೇ ನೋಡ್ದೆ."

"ಕವರು ತಾನೇ ಹರೀತೋ, ಇಲ್ಲಾ ನೀವು ಸ್ವಲ್ಪ ಕೈ ಹಾಕಿದ್ರೋ?"

"ಸ್ವಲ್ಪ ಹಾಕ್ದೆ ಅಂತಿಟ್ಕೊಳಿ," ಎಂದು ನಕ್ಕ ಅವನು, ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಪತ್ರಿಕೆಯನ್ನು ಅವಳ ಕೈಗಿತ್ತು ಹೋದ.

ವಾಸ್ತುಶಿಲ್ಪಿಗಳೆಲ್ಲ ಕಾದು ಕೂತು ಓದುವ ಕೋಪನ್‌ಹೇಗನ್ನಿನ ಮಾಸಪತ್ರಿಕೆ ಅದು. ಟಾರು ಮೆತ್ತಿದ ಕೈಗವಸು ಕಳಚಿ ಟೋವೆ ಅಲ್ಲೇ ಕೂತು ಪುಟ ತಿರುವಿದಳು. ಎಂಟು ಪುಟ, ಹನ್ನೊಂದು ಚಿತ್ರ. ಮೋಲ್ಸ್ ಗುಡ್ಡದ ಇಳಿಜಾರಿನಲ್ಲಿ ಹಳದಿ ಇಟ್ಟಿಗೆಯ ಉದ್ದನೆಯ ಮನೆ. ಒಳಗೆ ನೆಲ ಗುಡ್ಡದ ಜೊತೆಗೇ ಮೂರು ಹಂತವಾಗಿ ಕೆಳಗಿಳಿಯುತ್ತದೆ. ಮೇಲೆ ಛಾವಣಿ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ, ಚಾಕುವಿನ ಅಲಗಿನಷ್ಟು ತೆಳ್ಳಗೆ. ಚಿತ್ರ ತೆಗೆದವನು ಕೆಲಸ ಬಲ್ಲವನು. ಒಂದು ಕ್ಷಣ ಅವಳಿಗೆ ತನ್ನ ಮನೆಯ ಬಗ್ಗೆ ತನಗೇ ಹೆಮ್ಮೆಯೆನಿಸಿತು.

ಆಮೇಲೆ ಓದತೊಡಗಿದಳು. 'ಎಸ್ಕಿಲ್ ವಿಂಥರ್ ತಮ್ಮ ಮನೆಯಲ್ಲಿ' ಎಂಬುದು ತಲೆಬರಹ. ನೆಲವನ್ನು ಗುಡ್ಡದ ಜೊತೆ ಇಳಿಸುವ ಯೋಚನೆ ಎಸ್ಕಿಲ್‌ನಿಗೆ ಬಂದದ್ದು ಹೇಗೆ, ಎಲ್ಲರೂ ಕಡಲಿಗೆ ಮುಖ ಮಾಡಿ ಮನೆ ಕಟ್ಟುವಾಗ ಅವನು ದೊಡ್ಡ ಗಾಜುಗೋಡೆಯನ್ನು ಪೈನ್ ಮರಗಳ ಅಂಗಳದ ಕಡೆ ತಿರುಗಿಸಿದ್ದು ಯಾಕೆ, ಎಲ್ಲವೂ ವಿವರವಾಗಿ ಇತ್ತು. ಐದನೆಯ ಪುಟದಲ್ಲಿ ಟೋವೆಯ ಚಿತ್ರ. ಅಡುಗೆಮನೆಯಲ್ಲಿ ನಿಂತು ರೈ ಬ್ರೆಡ್ ಕೊಯ್ಯುತ್ತಿದ್ದಾಳೆ. ಕೆಳಗೆ ಒಂದು ಸಾಲು: 'ಮನೆಯೊಡತಿ ಟೋವೆ. ಪರದೆಗಳ ಬಣ್ಣ ಅವರ ಆಯ್ಕೆ.'

ಆ ಮನೆಯಲ್ಲಿ ಪರದೆಗಳೇ ಇರಲಿಲ್ಲ.

ಕೊನೆಯ ಪುಟದಲ್ಲಿ ಸಂದರ್ಶಕ ಒಂದು ಪ್ರಶ್ನೆ ಕೇಳಿದ್ದ. ಇಂಥ ಚಪ್ಪಟೆ ಛಾವಣಿ ನಮ್ಮ ಹವೆಗೆ ಒಗ್ಗುತ್ತದೆಯೇ, ಸೋರುವುದಿಲ್ಲವೇ? 'ಎಸ್ಕಿಲ್ ವಿಂಥರ್ ಮನಸಾರೆ ನಕ್ಕರು. "ಛಾವಣಿಯೇ? ಅದು ನನ್ನ ಹೆಂಡತಿಯ ಖಾತೆ. ಅವಳನ್ನೇ ಕೇಳಬೇಕು" ಎಂದರು.'

ಅವಳನ್ನು ಯಾರೂ ಕೇಳಿರಲಿಲ್ಲ. ಸಂದರ್ಶನದ ದಿನ ಅವಳು ಅವರಿಗೆ ಮೂರು ಸಲ ಕಾಫಿ ಮಾಡಿ ಕೊಟ್ಟಿದ್ದಳು.

ಟೋವೆ ಪತ್ರಿಕೆ ಮಡಚಿ ಏಪ್ರನ್ನಿನ ಜೇಬಿಗೆ ತುರುಕಿದಳು. ಬ್ರಷ್ ಎತ್ತಿಕೊಂಡು ಬಿರುಕಿಗೆ ಟಾರು ಬಳಿದಳು. ಬಳಿದದ್ದು ಸಾಲದೆಂಬಂತೆ ಇನ್ನೊಮ್ಮೆ, ಮತ್ತೂ ಒಮ್ಮೆ ಬಳಿದಳು. ಡಬ್ಬಿ ಖಾಲಿಯಾದಾಗಲೇ ಇಳಿದದ್ದು.

ಇಬ್ಬರೂ ಓದಿದ್ದು ಕೋಪನ್‌ಹೇಗನ್ನಿನ ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ. ಕೊನೆಯ ವರ್ಷದ ಪದಕ ಬಂದದ್ದು ಅವಳಿಗೆ. ಆಗ ಅವಳ ಹೆಸರು ಟೋವೆ ಕ್ರಾಗೆಲುನ್. ಮದುವೆಯಾಗಿ ಆರ್ಹುಸ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಎಸ್ಕಿಲ್ ದೊಡ್ಡ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಕುರಿ ಸಾಕುವ ಮುದುಕನೊಬ್ಬನಿಂದ ಗುಡ್ಡದ ಈ ತುಂಡು ನೆಲ ಸಿಕ್ಕ ಮೇಲೆ, ಎರಡು ಚಳಿಗಾಲ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಎದುರುಬದುರು ಕೂತು ಈ ಮನೆಯನ್ನು ಬರೆದರು. ಅವನು ಬರೆದದ್ದನ್ನು ಅವಳು ಅಳಿಸುತ್ತಿದ್ದಳು, ಅವಳು ಬರೆದದ್ದನ್ನು ಅವನು ತಿದ್ದುತ್ತಿದ್ದ. ಜಗಳ, ನಗು, ಮತ್ತೆ ಪೆನ್ಸಿಲ್ಲು. ಅವಳ ಬದುಕಿನಲ್ಲಿ ಅದಕ್ಕಿಂತ ಸುಖದ ದಿನಗಳಿರಲಿಲ್ಲ. ಯಾವ ಗೆರೆ ಯಾರದು ಎಂದು ಯಾರ ಮುಂದೆಯೂ ಹೇಳಬಾರದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಪತ್ರಿಕೆಯಲ್ಲಿ ಎಸ್ಕಿಲ್‌ನ ಯೋಚನೆಗಳೆಂದು ಬಂದಿದ್ದ ಎರಡೂ, ಇಳಿಯುವ ನೆಲ ಮತ್ತು ಅಂಗಳದ ಗಾಜುಗೋಡೆ, ಅವಳವು.

ಛಾವಣಿಯ ಕತೆ ಬೇರೆ. ಟೋವೆ ಛಾವಣಿಗೆ ಮೀಟರಿಗೆ ಐದು ಸೆಂಟಿಮೀಟರಿನಂತೆ ಹಿಂಬದಿಯಿಂದ ಮುಂಬದಿಗೆ ಇಳಿಜಾರು ಬರೆದಿದ್ದಳು. ಕಂಬ ನಿಂತು ತೊಲೆ ಏರಿಸುವ ಹೊತ್ತಿಗೆ ಅವಳು ಹೆರಿಗೆಗೆ ಆಸ್ಪತ್ರೆ ಸೇರಿದಳು. ಕಷ್ಟದ ಹೆರಿಗೆ, ಹನ್ನೆರಡು ದಿನ ಮಲಗಿದಲ್ಲೇ. ಆ ಹನ್ನೆರಡು ದಿನದಲ್ಲಿ ಎಸ್ಕಿಲ್ ಬಡಗಿ ಲೌರಿಟ್ಸ್‌ನನ್ನು ಕರೆದು ಇಳಿಜಾರು ತೆಗೆಸಿಬಿಟ್ಟ. ಅಂಗಳದಿಂದ ನೋಡಿದರೆ ಹಿಂದಿನ ಅಂಚು ದಪ್ಪ ಕಾಣುತ್ತದೆ, ಗೆರೆ ಕೆಡುತ್ತದೆ ಎಂಬುದು ಅವನ ವಾದ. ಮಗುವನ್ನೆತ್ತಿಕೊಂಡು ಟೋವೆ ಬಂದಾಗ ಮೇಲೆ ಟಾರು ಹಾಳೆ ಹೊದಿಸಿ ಆಗಿತ್ತು. ಆವತ್ತು ಅವಳು ಸುಮ್ಮನಾದಳು. ಮಗು ಅಳುತ್ತಿತ್ತು, ಮೈಯಲ್ಲಿ ಬಲವಿರಲಿಲ್ಲ, ಛಾವಣಿ ನೋಡಲು ಚೆನ್ನಾಗಿಯೇ ಇತ್ತು. ಆ ಸುಮ್ಮನಾದದ್ದನ್ನು ನೆನೆದರೆ ಅವಳಿಗೆ ಈಗ ಅವನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ಸಂಜೆ ಆರಕ್ಕೆ ಎಸ್ಕಿಲ್ ಆರ್ಹುಸ್‌ನಿಂದ ಬಂದ. ಕೈಯಲ್ಲಿ ಅದೇ ಪತ್ರಿಕೆಯ ನಾಲ್ಕು ಪ್ರತಿ.

"ನೋಡಿದ್ಯಾ? ಆಫೀಸಲ್ಲಿ ಎಲ್ರೂ ಕುಣಿದಾಡ್ತಿದಾರೆ. ಫೋಟೋ ಅಂತೂ..."

"ಪರದೆ ಎಲ್ಲಿದೆ ತೋರ್ಸು," ಎಂದಳು ಟೋವೆ.

"ಯಾವ ಪರದೆ?"

"ನಾನು ಬಣ್ಣ ಆರಿಸಿದ ಪರದೆ."

"ಓ, ಅದಾ! ಅದು ಆ ಪತ್ರಿಕೆಯವ್ನು ಗೀಚ್ಕೊಂಡಿದ್ದು ಕಣೇ. ನಾನು ಹೇಳಿದ್ದಲ್ಲ."

"ಛಾವಣಿ ನನ್ನ ಖಾತೆ ಅಂತ ಗೀಚ್ಕೊಂಡೋನೂ ಅವ್ನೇನಾ?"

ಎಸ್ಕಿಲ್ ಕೋಟು ತೆಗೆದು ನಿಧಾನವಾಗಿ ಗೂಟಕ್ಕೆ ಹಾಕಿದ. "ಅದು ತಮಾಷೆ ಟೋವೆ. ಅವ್ನೂ ನಕ್ಕ, ನಾನೂ ನಕ್ಕೆ. ಅಷ್ಟೇ."

"ಉಳಿದ ಏಳು ಪುಟದಲ್ಲಿ ತಮಾಷೆ ಯಾಕಿಲ್ಲ ಮತ್ತೆ? ಮೆಟ್ಟಿಲು ನಿಂದು, ಅಂಗಳ ನಿಂದು, ಗಾಜು ನಿಂದು. ಸೋರೋದು ಮಾತ್ರ ನಂದಾ?"

"ಯಾರು ಯಾವ್ದು ಬರೆದ್ರು ಅಂತ ಹೇಳ್ಬಾರ್ದು ಅಂತ ನಾವಿಬ್ರೂ ಒಪ್ಕೊಂಡಿರ್ಲಿಲ್ವಾ?"

"ಒಪ್ಕೊಂಡಿದ್ವಿ. ನಾನು ಬಾಯ್ಮುಚ್ಕೊಂಡಿದೀನಿ. ನೀನು? 'ನಾನು' ಅಂತ ನಲವತ್ತೊಂದು ಸಲ ಅಂದಿದೀಯ. ಕೂತು ಎಣಿಸಿದೀನಿ."

"ಎಣಿಸೋಕೆ ಪುರಸೊತ್ತು ಚೆನ್ನಾಗಿದೆ ನಿಂಗೆ."

ಅವನು ಈ ಮಾತನ್ನು ಆಡಬಾರದಿತ್ತು. ಆಡಿದ ಕೂಡಲೆ ಅವನಿಗೂ ಅದು ಗೊತ್ತಾಯಿತು. ಟೋವೆ ಮೇಜಿನ ಮೇಲೆ ಅವನಿಗೆಂದು ಇಟ್ಟಿದ್ದ ತಟ್ಟೆಯನ್ನು ಎತ್ತಿ ಕಪಾಟಿನೊಳಗಿಟ್ಟು, ಲಿಸ್ಬೆತ್‌ಳನ್ನು ಕರೆದು, ಇಬ್ಬರಿಗೇ ಬಡಿಸಿದಳು. ಎಸ್ಕಿಲ್ ನಿಂತುಕೊಂಡೇ ಬ್ರೆಡ್ಡಿಗೆ ಬೆಣ್ಣೆ ಸವರಿ ತಿಂದ.

"ಅಪ್ಪಂಗೆ ಕುರ್ಚಿ ಇಲ್ವಾ?" ಎಂದು ಕೇಳಿತು ಮಗು.

"ಅಪ್ಪ ದೊಡ್ಡ ಮನುಷ್ಯ ಆಗಿದಾರೆ, ಕೂರೋಕೆ ಪುರಸೊತ್ತಿಲ್ಲ," ಎಂದಳು ಟೋವೆ.

ಎರಡು ದಿನದ ನಂತರ ಎಸ್ಕಿಲ್ ಪತ್ರಿಕೆಗೆ ಬರೆದ ಕಾಗದವೊಂದನ್ನು ತೋರಿಸಿದ. 'ನನ್ನ ಪತ್ನಿಯ ಅಮೂಲ್ಯ ಸಹಕಾರವಿಲ್ಲದೆ ಈ ಮನೆ ಸಾಧ್ಯವಿರಲಿಲ್ಲ' ಎಂದಿತ್ತು. ಟೋವೆ ಓದಿ, ಅದನ್ನು ನಾಲ್ಕಾಗಿ ಹರಿದು, ಒಲೆಗೆ ಹಾಕಿದಳು. "ಸಹಕಾರ ಅನ್ನೋದು ಹಾಲಿನ ಡೈರಿಗೆ ಹೇಳೋ ಮಾತು," ಎಂದಳು. ಎಸ್ಕಿಲ್ ಎರಡನೆಯ ಕಾಗದ ಬರೆಯಲಿಲ್ಲ.

ಆ ಶನಿವಾರ ಓಸ್ಲೋ ಮತ್ತು ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಇಪ್ಪತ್ತಾರು ಮಂದಿ ವಾಸ್ತುಶಿಲ್ಪಿಗಳು ಮನೆ ನೋಡಲು ಬರುವುದೆಂದು ಬೇಸಿಗೆಯ ಮೊದಲೇ ಗೊತ್ತಾಗಿತ್ತು. ಮಧ್ಯಾಹ್ನದ ಊಟ ಮನೆಯಲ್ಲೇ. ಹೆರಿಂಗ್ ಮೀನು, ಲಿವರ್ ಪೇಸ್ಟ್, ಸೌತೆಕಾಯಿ ಉಪ್ಪಿನಕಾಯಿ, ಬಿಯರ್, ಚಿಕ್ಕ ಗ್ಲಾಸುಗಳಲ್ಲಿ ಸ್ನ್ಯಾಪ್ಸ್ ಮದ್ಯ. ಶುಕ್ರವಾರ ಬೆಳಿಗ್ಗೆ ಎಸ್ಕಿಲ್ ಅಡುಗೆಮನೆಗೆ ಬಂದು ಇಣುಕಿದ.

"ನಾಳೆಗೆ ಏನಾದ್ರೂ ಶುರು ಮಾಡಿದ್ಯಾ?"

"ಅಡುಗೆಮನೆ ನನ್ನ ಖಾತೆ ಅಂತ ಪತ್ರಿಕೇಲಿ ಬಂದಿಲ್ಲ."

ಅವನು ಹಲ್ಲು ಕಚ್ಚಿಕೊಂಡು ಎಬೆಲ್‌ಟೋಫ್ಟ್ ಪೇಟೆಯ ಹೋಟೆಲಿಗೆ ಫೋನು ಮಾಡಿ ಊಟ ಹೇಳಿದ.

ಶನಿವಾರ ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಸ್ಸಿನಿಂದಿಳಿದವರ ಮುಂದೆ ಓಸ್ಲೋದ ಹಿರಿಯ ಪ್ರೊಫೆಸರ್ ಹೆಲ್ಗೆಸೆನ್ ಇದ್ದರು, ಎತ್ತರದ, ಬಿಳಿ ಗಡ್ಡದ, ಸೌಜನ್ಯದ ಮನುಷ್ಯ. ಅವರು ಟೋವೆಯ ಕೈಕುಲುಕಿ, "ಇಂಥ ಮನೆ ಸಿಕ್ಕಿದೆಯಲ್ಲ, ನೀವು ಪುಣ್ಯವಂತರು," ಎಂದರು. ಟೋವೆ ತನ್ನ ಒಳ್ಳೆಯ ನೀಲಿ ಉಡುಪು ಹಾಕಿಕೊಂಡಿದ್ದಳು. ಕೈಯಲ್ಲಿ ಕಾಫಿಯ ಪಾತ್ರೆಯಿರಲಿಲ್ಲ. ಎಸ್ಕಿಲ್ ಗುಂಪನ್ನು ಒಳಗೆ ಕರೆದೊಯ್ದಾಗ ಅವಳು ಅವರ ಹಿಂದೆಯೇ ಹೋದಳು.

ಮೊದಲ ಹಂತದಿಂದ ಎರಡನೆಯದಕ್ಕೆ ಇಳಿಯುವ ಮೆಟ್ಟಿಲ ಬಳಿ ಎಸ್ಕಿಲ್ ನಿಂತು, ನಡೆಯುವವನ ಲಯ, ಗುಡ್ಡದ ಲಯ ಎಂದೆಲ್ಲ ಹೇಳುತ್ತಿದ್ದ. ಹಲವರು ಬರೆದುಕೊಳ್ಳುತ್ತಿದ್ದರು.

"ಮೆಟ್ಟಿಲು ಎಷ್ಟೆತ್ತರ?" ಎಂದು ಟೋವೆ ಹಿಂದಿನಿಂದ ಕೇಳಿದಳು.

ಎಲ್ಲರೂ ತಿರುಗಿದರು.

"ಹದಿನಾಲ್ಕು ಸೆಂಟಿಮೀಟರ್," ಎಂದ ಎಸ್ಕಿಲ್.

"ಹದಿನಾಲ್ಕೇ ಯಾಕೆ? ಎಲ್ಲ ಕಡೆ ಹದಿನೇಳು ಇಡ್ತಾರಲ್ಲ."

"ಅದೇ ಹೇಳ್ದೆನಲ್ಲ, ಲಯ. ನಿಧಾನ ಇಳೀಬೇಕು ಅಂತ."

"ಅಲ್ಲ. ನಮ್ಮಮ್ಮನ ಸೊಂಟ ಮುರಿದಿತ್ತು. ಪುಸ್ತಕ ಜೋಡಿಸಿ ಜೋಡಿಸಿ ಒಂದೊಂದು ಎತ್ತರಾನೂ ಹತ್ತಿಸಿ ಇಳಿಸಿ ನೋಡಿದ್ದು ನಾನು. ಹದಿನಾಲ್ಕಕ್ಕೆ ಅವ್ರು ಗೋಡೆ ಹಿಡೀದೆ ಇಳಿದ್ರು. ನೀನು ಆವಾಗ ಆಫೀಸಲ್ಲಿದ್ದೆ."

ಒಂದಿಬ್ಬರು ನಕ್ಕರು. ಗಂಡ ಹೆಂಡಿರ ಸರಸವೆಂದುಕೊಂಡರು. ಹೆಲ್ಗೆಸೆನ್, "ಮನೆಯೊಡತಿಗೆ ನೆನಪು ಚುರುಕು," ಎಂದರು. ಗುಂಪು ಮುಂದೆ ಸರಿಯಿತು.

ಅಗ್ಗಿಷ್ಟಿಕೆಯ ಹತ್ತಿರ ಅವಳು ಮತ್ತೆ ಕೇಳಿದಳು. "ಇದು ಗೋಡೆಯ ನೇರಕ್ಕಿಲ್ಲ. ನಲವತ್ತು ಸೆಂಟಿಮೀಟರ್ ಆಚೆಗಿದೆ. ಯಾಕೆ?"

"ಟೋವೆ, ಈಗ ಬೇಡ," ಎಂದ ಎಸ್ಕಿಲ್ ತಗ್ಗಿದ ದನಿಯಲ್ಲಿ.

"ಲಯಾನಾ ಇದೂ?"

"ನೋಟಕ್ಕೆ ಸ್ವಲ್ಪ ಬಿಗಿ ಬರ್ಲಿ ಅಂತ," ಎಂದ ಅವನು ಅತಿಥಿಗಳ ಕಡೆ ನೋಡಿ.

"ಬಿಗಿಯೂ ಇಲ್ಲ ಸಡಿಲವೂ ಇಲ್ಲ. ಪಾಯ ತೋಡುವಾಗ ಹಸುವಿನಷ್ಟು ದೊಡ್ಡ ಬಂಡೆ ಸಿಕ್ತು. ಐದು ತಿಂಗಳ ಹೊಟ್ಟೆ ಹೊತ್ಕೊಂಡು ಅದರ ಮೇಲೆ ಕೂತು, ಸಿಮೆಂಟ್ ಚೀಲದ ಹಿಂದೆ ಹೊಸದಾಗಿ ಬರೆದೆ. ಬಡಗಿ ಲೌರಿಟ್ಸ್ ಇದ್ದ, ಅವನನ್ನು ಕೇಳಿ."

ಈ ಸಲ ಯಾರೂ ನಗಲಿಲ್ಲ. ಸ್ವೀಡನ್ನಿನವನೊಬ್ಬ ತನ್ನ ಬೂಟಿನ ತುದಿ ನೋಡಿಕೊಳ್ಳುತ್ತಿದ್ದ. ಹೆಲ್ಗೆಸೆನ್ ಗಂಟಲು ಸರಿಮಾಡಿಕೊಂಡು, "ಮನೆ ಕಟ್ಟುವಾಗ ಹೆಂಡತಿಯ ಬೆಂಬಲ ಎಷ್ಟು ಮುಖ್ಯ ಅನ್ನೋದನ್ನ ನಾವೆಲ್ಲ ಬಲ್ಲೆವು," ಎಂದರು.

"ಬೆಂಬಲ ಅಲ್ಲ ಪ್ರೊಫೆಸರೇ. ನಾನು ಆರ್ಕಿಟೆಕ್ಟು. ಈ ಮನೆ ನಾವಿಬ್ರೂ ಬರೆದಿದ್ದು. ನೀವು ಇಷ್ಟೊತ್ತು ಹೊಗಳಿದ್ದರಲ್ಲಿ ಮುಕ್ಕಾಲು ಪಾಲು ನಂದು."

ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಎಸ್ಕಿಲ್ ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ. "ಟೋವೆ ವಾರವೆಲ್ಲ ಛಾವಣಿ ಹತ್ತಿ ದಣಿದಿದಾಳೆ. ನನ್ನದೇ ತಪ್ಪು, ಇಷ್ಟು ಜನರನ್ನ ಒಟ್ಟಿಗೆ ಕರೀಬಾರ್ದಿತ್ತು." ಎಷ್ಟು ಮೆತ್ತಗೆ, ಎಷ್ಟು ತಾಳ್ಮೆಯಿಂದ ಹೇಳಿದನೆಂದರೆ ಕೋಣೆಯಲ್ಲಿದ್ದವರೆಲ್ಲರ ಮುಖ ಸಡಿಲವಾಯಿತು. ಒಬ್ಬ ಹೆಂಗಸು ಟೋವೆಗೆ ನೀರು ತಂದುಕೊಟ್ಟಳು. ಇನ್ನೊಬ್ಬರು ಕುರ್ಚಿ ಎಳೆದರು.

ಅವರು ಬೈದಿದ್ದರೆ ಅವಳು ತಿರುಗಿ ಬೈಯಬಹುದಿತ್ತು. ಈ ಕರುಣೆಗೆ ಏನು ಮಾಡುವುದು? ಟೋವೆ ಆ ಕೈಯನ್ನು ಭುಜದಿಂದ ಕಿತ್ತು ಹಾಕಿ ಹೊರಗೆ ಹೋದಳು. ಪೈನ್ ಮರಗಳ ನಡುವೆ ಹಿಂದಕ್ಕೂ ಮುಂದಕ್ಕೂ ನಡೆದಳು. ಗಾಜಿನಾಚೆ ಇಪ್ಪತ್ತಾರು ಮಂದಿ ಹೋಟೆಲಿನ ಹೆರಿಂಗ್ ತಿನ್ನುತ್ತ, ಗ್ಲಾಸು ಎತ್ತಿ ಎಸ್ಕಿಲ್‌ನ ಆರೋಗ್ಯಕ್ಕೆ ಕುಡಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಒಳಗಿನವರಿಗೆ ಅಂಗಳ ಚೆನ್ನಾಗಿ ಕಾಣಲೆಂದು ಆ ಗಾಜನ್ನು ಅಲ್ಲಿಟ್ಟವಳು ಅವಳೇ. ಹೊರಗೆ ನಿಂತವರಿಗೆ ಒಳಗು ಹೇಗೆ ಕಾಣುತ್ತದೆಂದು ಆಗ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಹೊಳೆದ ಕೂಡಲೆ ನಡಿಗೆ ನಿಂತಿತು.

ಸೋಮವಾರ ಬೆಳಿಗ್ಗೆ ಎಸ್ಕಿಲ್ ಆರ್ಹುಸ್‌ಗೆ ಹೊರಟ ಮೇಲೆ ಅವಳು ಸೈಕಲ್ ಹತ್ತಿ ಊರಿನ ಪಂಚಾಯ್ತಿ ಕಚೇರಿಗೆ ಹೋದಳು. ಕಟ್ಟಡದ ಅರ್ಜಿ ನೋಡುವ ಗುಮಾಸ್ತ ಪೈಪು ಬಾಯಲ್ಲಿಟ್ಟುಕೊಂಡೇ ಅವಳು ತಂದ ನಕ್ಷೆ ಬಿಡಿಸಿದ.

"ಏನಿದು?"

"ಛಾವಣಿ ಎತ್ತರಿಸ್ಬೇಕು. ಹಿಂದಿನ ಅಂಚು ಮೂವತ್ತು ಸೆಂಟಿಮೀಟರ್ ಮೇಲೆ ಬರತ್ತೆ. ಲೆಕ್ಕ, ಅಳತೆ ಎಲ್ಲ ಇದೆ ನೋಡಿ."

"ಇದರಲ್ಲಿ ವಾಸ್ತುಶಿಲ್ಪಿ ಅಂತ ಟೋವೆ ಕ್ರಾಗೆಲುನ್ ಅಂತಿದೆ. ಯಾರದು?"

"ನಾನು."

"ಆದ್ರೆ ಆ ಮನೆ ವಿಂಥರ್ ಅವ್ರದಲ್ವಾ? ಅವ್ರ ಸಹಿ ಇಲ್ದೆ ಛಾವಣಿ ಬದಲಾಯಿಸೋಕೆ... ಅವ್ರೇ ಬರೆದ ಮನೆ ಅಲ್ವಾ ಅಮ್ಮಾ?"

"ನೆಲದ ಪತ್ರದಲ್ಲಿ ಇಬ್ಬರ ಹೆಸರೂ ಇದೆ, ಕಡತ ತೆಗೆದು ನೋಡಿ. ಛಾವಣಿ ಯಾರದು ಅಂತೀರಾ," ಎಂದು ಟೋವೆ ಮಾಸಪತ್ರಿಕೆ ತೆಗೆದು, ಕೊನೆಯ ಪುಟ ಬಿಡಿಸಿ, ಅವನ ಮೂಗಿನ ಕೆಳಗೆ ಇಟ್ಟಳು. ಕೆಂಪು ಪೆನ್ಸಿಲ್ಲಿನಲ್ಲಿ ಆ ಸಾಲಿಗೆ ಗೆರೆ ಎಳೆದಿತ್ತು. "ಓದಿ. ಗಟ್ಟಿಯಾಗಿ ಓದಿ."

"ಛಾವಣಿಯೇ... ಅದು ನನ್ನ ಹೆಂಡತಿಯ ಖಾತೆ... ಅವಳನ್ನೇ ಕೇಳಬೇಕು." ಗುಮಾಸ್ತ ಪೈಪು ತೆಗೆದ. "ಇದು ಅವ್ರೇ ಹೇಳಿದ್ದಾ?"

"ದೇಶಕ್ಕೆಲ್ಲ ಹೇಳಿದಾರೆ. ಅಚ್ಚಾಗಿದೆ. ನೀವು ನನ್ನನ್ನ ಕೇಳಿ, ನಾನು ಹೇಳ್ತೀನಿ: ಮಾಡ್ಬಹುದು."

ಗುಮಾಸ್ತನ ಮೀಸೆಯ ಕೆಳಗೆ ನಗು ಸುಳಿಯಿತು. ಮದುವೆಯಾಗಿ ಮೂವತ್ತು ವರ್ಷವಾದ ಮನುಷ್ಯ. ಪುಟವನ್ನು ಅರ್ಜಿಗೆ ಲಗತ್ತಿಸಿ ಮೊಹರು ಒತ್ತಿದ. ಎರಡು ವಾರಕ್ಕೆ ಒಪ್ಪಿಗೆ ಬಂತು.

ಲೌರಿಟ್ಸ್ ತನ್ನ ಇಬ್ಬರು ಆಳುಗಳನ್ನೂ ಗಾಡಿ ತುಂಬ ಮರವನ್ನೂ ಹೇರಿಕೊಂಡು ಬಂದದ್ದು ಸೆಪ್ಟೆಂಬರಿನ ನಡುವೆ. ಅರವತ್ತು ದಾಟಿದ, ಮಾತು ಕಡಿಮೆಯ ಬಡಗಿ. ಛಾವಣಿಯ ಮೇಲೆ ಹತ್ತಿ ಬೂಟಿನಿಂದ ಹಾಳೆ ಒತ್ತಿ ನೋಡಿದ. ಕುಳಿಬಿದ್ದ ಕಡೆಯೆಲ್ಲ ನೀರು ಪಿಚಕ್ಕೆಂದಿತು.

"ಆವತ್ತೇ ಹೇಳಿದ್ದೆ ಯಜಮಾನ್ರಿಗೆ," ಎಂದ. "ನೀರಿಗೆ ಚಂದ ಗೊತ್ತಾಗಲ್ಲ ಅಂತ."

"ಹೇಳಿದ್ರಾ? ನಂಗ್ಯಾಕೆ ಹೇಳ್ಲಿಲ್ಲ?"

ಲೌರಿಟ್ಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನೀವು ಆಸ್ಪತ್ರೇಲಿದ್ರಿ ಅಮ್ಮಾವ್ರೇ."

"ಹನ್ನೆರಡು ದಿನ ಆಸ್ಪತ್ರೇಲಿದ್ದೆ. ಆಮೇಲೆ ಆರು ವರ್ಷ ಈ ಮನೇಲೇ ಇದೀನಿ."

ಮುದುಕ ಬಗ್ಗಿ ಹಾಳೆಯ ಅಂಚಿಗೆ ಉಳಿ ಹಾಕಿ ಎಬ್ಬಿಸತೊಡಗಿದ. ಟೋವೆಯೂ ಒಂದು ಉಳಿ ತೆಗೆದುಕೊಂಡಳು. ಕೊಳೆತ ಹಲಗೆಗಳನ್ನು ಕಿತ್ತು ಕೆಳಗೆಸೆಯುವಾಗ ಒಂದೊಂದೂ ಅಂಗಳದ ಕಲ್ಲಿಗೆ ಬಡಿದು ಚೂರಾಗುತ್ತಿತ್ತು. ಆ ಸದ್ದು ಅವಳ ಮೈಗೆ ಹಿತವಾಗಿತ್ತು. ತೊಲೆಗಳ ಮೇಲೆ ಬೆಣೆಯಾಕಾರದ ಮರ ಕೂರಿಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ. ಮೀಟರಿಗೆ ಐದು ಸೆಂಟಿಮೀಟರ್. ಆರು ವರ್ಷದ ಹಿಂದಿನ ನಕ್ಷೆಯಲ್ಲಿ ಒಂದು ಅಂಕಿಯನ್ನೂ ಅವಳು ಬದಲಿಸಲಿಲ್ಲ.

ಎಸ್ಕಿಲ್ ಆ ವಾರ ಸ್ಟಾಕ್‌ಹೋಮ್‌ನಲ್ಲಿ ಭಾಷಣಕ್ಕೆ ಹೋಗಿದ್ದ. ಆ ವಾರವೇ ಕೆಲಸ ಶುರುವಾದದ್ದು ಆಕಸ್ಮಿಕವಲ್ಲ. ಅವನು ಕಾರು ನಿಲ್ಲಿಸಿ ಇಳಿದಾಗ ಹಿಂದಿನ ಅಂಚು ಎದ್ದು ನಿಂತಿತ್ತು, ಆಳುಗಳು ಕೊನೆಯ ಹಾಳೆ ಹೊದಿಸುತ್ತಿದ್ದರು. ಅವನು ಬಾಗಿಲು ಹಾಕುವುದನ್ನೂ ಮರೆತು ಅಂಗಳಕ್ಕೆ ಓಡಿಬಂದ.

"ಏನ್ ಮಾಡ್ತಿದೀಯ? ಲೌರಿಟ್ಸ್! ಕೆಳಗಿಳೀರಿ! ಯಾರು ಹೇಳಿದ್ದು ನಿಮಗೆ?"

ಲೌರಿಟ್ಸ್ ಸುತ್ತಿಗೆ ಹಿಡಿದು ಟೋವೆಯ ಕಡೆ ನೋಡಿದ. ಟೋವೆ ಮೇಲಿನಿಂದಲೇ, "ನೀವು ಹೊಡೀರಿ ಮೊಳೆ," ಎಂದಳು. ಲೌರಿಟ್ಸ್ ಹೊಡೆದ.

"ಹಾಳು ಮಾಡ್ಬಿಟ್ಟೆ!" ಎಸ್ಕಿಲ್‌ನ ಮುಖ ಬಿಳಿಚಿತ್ತು. "ಆ ಗೆರೆ... ಈ ಮನೆ ಅಂದ್ರೇನೇ ಆ ಗೆರೆ! ಎಲ್ಲ ದೇಶದಲ್ಲೂ ಆ ಫೋಟೋ ನೋಡಿದಾರೆ. ಜನ ಬಂದು ಕೇಳಿದ್ರೆ ಏನ್ ಹೇಳ್ಲಿ ನಾನು?"

"ಹೆಂಡತಿಯ ಖಾತೆ ಅನ್ನು. ಅಭ್ಯಾಸ ಇದೆಯಲ್ಲ."

"ಒಂದು ಮಾತಿಗೆ ಇಷ್ಟು ದ್ವೇಷಾನಾ?"

"ಒಂದು ಮಾತಾ?" ಟೋವೆ ಏಣಿ ಇಳಿದು ಅವನ ಎದುರು ಬಂದು ನಿಂತಳು. ಕೈ, ಕತ್ತು, ಕೂದಲು ಎಲ್ಲ ಟಾರು. "ಮಗು ಹಾಸಿಗೆ ಒದ್ದೆಯಾದಾಗೆಲ್ಲ ನೀನು ಮಗ್ಗುಲು ಬದಲಾಯಿಸಿ ಮಲಗಿದೆ. ಏಣಿ ಹತ್ತಿದ್ದು ನಾನು. ನೀನು ಕೆಡಿಸಿದ್ದನ್ನ ಆರು ವರ್ಷ ತೇಪೆ ಹಾಕಿದ್ದು ನಾನು, ಬಾಯಿ ಬಿಡದೆ. ನಿನ್ನ ಗೆರೆಯ ಕೆಳಗೆ ಬಕೆಟ್ ಇಟ್ಟಿರೋದು ಯಾವ ಫೋಟೋದಲ್ಲೂ ಬಂದಿಲ್ಲ, ಯಾಕೆ ಗೊತ್ತಾ? ಅವ್ರು ಬರೋ ಮುಂಚೆ ಅದನ್ನ ಎತ್ತಿ ಒಳಗಿಟ್ಟೋಳೂ ನಾನೇ. ನಾಚಿಕೆ ಆಗತ್ತೆ ಎಸ್ಕಿಲ್. ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆ."

ಆಳುಗಳು ಕೆಲಸ ನಿಲ್ಲಿಸಿ ಕಡಲಿನ ಕಡೆ ನೋಡುತ್ತಿದ್ದರು. ಎಸ್ಕಿಲ್ ಸೂಟ್‌ಕೇಸ್ ಎತ್ತಿಕೊಂಡು ಒಳಗೆ ಹೋದ.

ಆ ಚಳಿಗಾಲ ಒಂದು ಹನಿಯೂ ಒಳಗೆ ಬೀಳಲಿಲ್ಲ. ಲಿಸ್ಬೆತ್‌ಳ ಮಂಚ ತನ್ನ ಜಾಗಕ್ಕೆ ಮರಳಿತು. ಅಂಗಳದಿಂದ ನೋಡಿದರೆ ಹಿಂದಿನ ಅಂಚು ದಪ್ಪ ಕಾಣುತ್ತಿತ್ತು, ಹೌದು. ಟೋವೆಗೆ ಅದು ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ ಮನುಷ್ಯನಂತೆ ಕಾಣುತ್ತಿತ್ತು, ಹಾಗೇ ಚೆಂದವೆನಿಸಿತು. ಎಸ್ಕಿಲ್ ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟ. ಕೆಳಗಿನ ಹಂತದ ಕೋಣೆಯಲ್ಲಿ ಮಲಗತೊಡಗಿದ. ಮಗುವಿನ ಮುಂದೆ ಇಬ್ಬರೂ ಹವೆಯ ಬಗ್ಗೆ, ಶಾಲೆಯ ಬಗ್ಗೆ ಮಾತಾಡುತ್ತಿದ್ದರು. ಟೋವೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹಲಗೆ ಹಾಕಿಕೊಂಡು, ತನ್ನ ಹುಟ್ಟುಹೆಸರಿನಲ್ಲಿ ಕೆಲಸ ಶುರುಮಾಡಿದಳು. ಮೊದಲು ಬಂದದ್ದು ಹಳ್ಳಿಯ ಶಾಲಾಮಾಸ್ತರ ಸಣ್ಣ ಮನೆ, ಆಮೇಲೆ ಒಂದು ಪಶುವೈದ್ಯನದು.

ಮರುವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಎಸ್ಕಿಲ್ ಅವಳ ಬಾಗಿಲು ತಟ್ಟಿದ. ಕಂಕುಳಲ್ಲಿ ಕಾಗದದ ಸುರುಳಿ.

"ಒಂದು ಸಭಾಭವನ ಸಿಕ್ಕಿದೆ," ಎಂದ. "ಚರ್ಚಿನ ಪಕ್ಕಕ್ಕೆ. ಚೆನ್ನಾಗ್ ಬಂದಿದೆ, ಆದ್ರೆ ಎಲ್ಲೋ ಸಿಕ್ಕಾಕೊಂಡಿದೆ. ಒಂದ್ಸಲ ನೋಡ್ತೀಯಾ?"

ಅವನು ಬಿಡಿಸಿ ಹಿಡಿದ. ಎಲ್ಲಿ ಸಿಕ್ಕಿಹಾಕಿಕೊಂಡಿದೆಯೆಂದು ಟೋವೆಗೆ ಒಂದೇ ನೋಟಕ್ಕೆ ಗೊತ್ತಾಯಿತು. ಎಸ್ಕಿಲ್‌ನಿಗೆ ಜನ ಒಳಗೆ ಬರುವುದು ಹೇಗೆಂದು ಯಾವತ್ತೂ ಹೊಳೆಯುತ್ತಿರಲಿಲ್ಲ. ಭವ್ಯವಾದ ಬಾಗಿಲನ್ನು ಗಾಳಿ ಬೀಸುವ ದಿಕ್ಕಿಗೆ, ರಸ್ತೆಗೆ ಬೆನ್ನು ಮಾಡಿ ಇಟ್ಟಿದ್ದ. ಒಂದು ಗೋಡೆಯನ್ನು ಎರಡು ಮೀಟರ್ ಸರಿಸಿದರೆ ಎಲ್ಲವೂ ಕೂಡಿಬರುತ್ತಿತ್ತು. ಅವಳ ಬೆರಳು ತುರಿಸಿದವು. ಪೆನ್ಸಿಲ್ಲು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

"ಗೊತ್ತಾಯ್ತಾ?" ಎಂದ ಅವನು ಅವಳ ಮುಖವನ್ನೇ ನೋಡುತ್ತ. ಅವನ ದನಿಯಲ್ಲಿ ಆ ಎರಡು ಚಳಿಗಾಲದ ಹಳೆಯ ಸಲಿಗೆ ಇತ್ತು.

"ಗೊತ್ತಾಯ್ತು."

"ಹೇಳು ಮತ್ತೆ."

"ಮೊದಲು ನನ್ನ ಹೆಸರು ಬರಿ. ಆಮೇಲೆ ಹೇಳ್ತೀನಿ."

ಎಸ್ಕಿಲ್ ಬಗ್ಗಿ, ತನ್ನ ಹೆಸರಿನ ಕೆಳಗೆ, ಚಿಕ್ಕ ಅಕ್ಷರದಲ್ಲಿ 'ಟೋವೆ' ಎಂದು ಬರೆದ.

ಟೋವೆ ರಬ್ಬರು ತೆಗೆದುಕೊಂಡು ಅದನ್ನು ಅಳಿಸಿದಳು. "ನಾನು ನಾಯಿಮರಿ ಅಲ್ಲ. ಪೂರ್ತಿ ಹೆಸರು. ನಿಂದಿರೋ ಸಾಲಲ್ಲೇ, ಅಷ್ಟೇ ದೊಡ್ಡದಾಗಿ."

"ಕೆಲಸ ಸಿಕ್ಕಿರೋದು ನಂಗೆ ಟೋವೆ! ಅವ್ರಿಗೆ ಏನಂತ ವಿವರಿಸ್ಲಿ?"

"ಗೊತ್ತಿಲ್ಲ."

ಅವನು ಕಾಗದ ಸುತ್ತಿಕೊಂಡ. ಸುರುಳಿ ಸೊಟ್ಟಗಾಯಿತು. ಬಾಗಿಲ ಬಳಿ ತಿರುಗಿ, "ನೀನು ಹೀಗಿರ್ಲಿಲ್ಲ," ಎಂದ.

"ಇದ್ದೆ. ಸುಮ್ನಿದ್ದೆ."

ಬೇಸಿಗೆಯ ಹೊತ್ತಿಗೆ ಎಸ್ಕಿಲ್ ಆರ್ಹುಸ್‌ನಲ್ಲಿ ಮನೆ ಹಿಡಿದ. ವಿಚ್ಛೇದನ ದೊಡ್ಡ ರಂಪವಿಲ್ಲದೆ ಮುಗಿಯಿತು. ಗುಡ್ಡದ ಮನೆ ಟೋವೆಗೆ ಉಳಿಯಿತು. ಛಾವಣಿ ಎತ್ತಿದ ಮೇಲೆ ಅದು ತನಗೆ ಬೇಡವೆಂದು ಅವನೇ ಹೇಳಿದ್ದ. ರಜೆಯಲ್ಲಿ ಲಿಸ್ಬೆತ್ ಬಸ್ಸು ಹತ್ತಿ ಅಪ್ಪನ ಮನೆಗೆ ಹೋಗಿ ಬರುತ್ತಿದ್ದಳು. ಮಾಸಪತ್ರಿಕೆ ತಿದ್ದುಪಡಿಯನ್ನೇನೂ ಹಾಕಲಿಲ್ಲ.

ಸಭಾಭವನ ಕಟ್ಟಿ ಮುಗಿದ ಒಂದು ವರ್ಷದ ಮೇಲೆ, ಆ ಕಡೆ ಕೆಲಸದ ಮೇಲೆ ಹೋಗಿದ್ದ ಟೋವೆ ಸೈಕಲ್ ನಿಲ್ಲಿಸಿ ನೋಡಿದಳು. ಭಾನುವಾರದ ಪ್ರಾರ್ಥನೆ ಮುಗಿದು ಜನ ಚರ್ಚಿನಿಂದ ಭವನಕ್ಕೆ ಕಾಫಿಗೆ ಹೋಗುತ್ತಿದ್ದರು. ತಾಮ್ರದ ದೊಡ್ಡ ಬಾಗಿಲು ಗಾಳಿಗೆ ಮುಖ ಕೊಟ್ಟು ಮುಚ್ಚಿಕೊಂಡಿತ್ತು. ಅದರ ಮುಂದೆ ಎಲೆಗಳು ಗುಡ್ಡೆಬಿದ್ದಿದ್ದವು. ಮುದುಕಿಯರು ಸ್ಕರ್ಟು ಹಿಡಿದುಕೊಂಡು, ಕಸದ ಡಬ್ಬಿಗಳ ಪಕ್ಕದಿಂದ ಹಾದು, ಅಡುಗೆಮನೆಯ ಹಿತ್ತಿಲ ಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಗೆ ನುಗ್ಗುತ್ತಿದ್ದರು. ಕೇಕು ಹಿಡಿದಿದ್ದ ಒಬ್ಬಳು ಅವಳನ್ನು ಕಂಡು, "ಬನ್ನಿ ಬನ್ನಿ, ಆ ಕಡೆ ಹೋಗ್ಬೇಡಿ, ಅದು ನೋಡೋಕೆ ಮಾತ್ರ ಇರೋ ಬಾಗ್ಲು," ಎಂದು ನಕ್ಕಳು.

ಟೋವೆಗೂ ನಗು ಬರಬೇಕಿತ್ತು. ಇದನ್ನು ಕಂಡು ನಗಬೇಕೆಂದೇ ಅವಳು ದಾರಿ ಬಿಟ್ಟು ಇಲ್ಲಿಗೆ ಬಂದದ್ದು. ಬರಲಿಲ್ಲ. ಗೋಡೆ ಎಲ್ಲಿ ನಿಲ್ಲಬೇಕಿತ್ತೋ ಆ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅವಳು ಹೋಗಿ ಅದರ ಮೇಲೆ ನಿಂತಳು. ಎರಡು ಮೀಟರ್. ಒಂದು ಗೆರೆ. ಅವನು ಹೆಸರು ಬರೆಯಲಿಲ್ಲ, ಅವಳು ಗೆರೆ ಎಳೆಯಲಿಲ್ಲ, ಎಂಬತ್ತು ವರ್ಷದ ಮುದುಕಿಯರು ಕಸದ ಡಬ್ಬಿ ಸುತ್ತಿ ಬರುತ್ತಿದ್ದಾರೆ. ಅವಳಿಗೆ ಮೊದಲಿನಷ್ಟೇ ಸಿಟ್ಟು ಬಂತು. ಈ ಸಲ ಅದರ ಪಾಲು ಯಾರಿಗೆ ಎಷ್ಟು ಎಂದು ಅವಳಿಗೆ ಹಂಚಲಾಗಲಿಲ್ಲ.

"ಕಾಫಿ ಆರ್ತಾ ಇದೆ!" ಎಂದು ಮುದುಕಿ ಮತ್ತೆ ಕೂಗಿದಳು.

ಟೋವೆ ಹೋಗಿ ಅವಳ ಕೈಯಿಂದ ಕೇಕಿನ ತಟ್ಟೆ ಇಸಿದುಕೊಂಡು, ಬಾಗಿಲು ಹಿಡಿದು ನಿಂತು, ಅವಳನ್ನು ಮೊದಲು ಒಳಗೆ ಬಿಟ್ಟಳು.